ಸ್ಪೆಕ್ಟ್ರಮ್ ಎಮ್ಯುಲೇಟರ್‌ನಲ್ಲಿ ಕನ್ನಡದ ‘ಗ’ ಮೂಡಿಸಬೇಕು, ಎಲ್ಲಿಂದ ಶುರು ಮಾಡಲಿ?

ಹೊಸತೋಟ, ಶಿರಸಿ

ಎಲ್ಲರಿಗೂ ನಮಸ್ಕಾರ. ಬಿಸಿಎ ಮುಗಿಸಿ ಈಗ ಮನೆಯಲ್ಲಿದ್ದೇನೆ, ತೋಟ ನೋಡಿಕೊಂಡು. ಈ ಮಳೆಯಲ್ಲಿ ಸಂಜೆ ಆರರ ಮೇಲೆ ಹೊರಗೆ ಕಾಲಿಡೋ ಹಾಗಿಲ್ಲ. ನೆಟ್‌ವರ್ಕ್ ಸಿಗಬೇಕು ಅಂದ್ರೆ ಗುಡ್ಡೆ ಹತ್ತಬೇಕು. ಹಾಗಾಗಿ ನೆಟ್ ಇಲ್ಲದೆ ಕಲಿಯಬಹುದಾದದ್ದು ಏನಾದರೂ ಬೇಕಿತ್ತು. ಅಣ್ಣನ ಹಳೇ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ. ಅದಕ್ಕೆ ಫ್ಯೂಸ್ ಅನ್ನೋ ಎಮ್ಯುಲೇಟರ್ ಹಾಕಿದೆ. 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರನ್ನು ಅದು ಹಾಗೇ ಅನುಕರಿಸುತ್ತದೆ. ಪರದೆ ಬಂತು, ಕೆಳಗೆ ಸಿಂಕ್ಲೇರ್ ರಿಸರ್ಚ್, 1982 ಅನ್ನೋ ಸಾಲೂ ಬಂತು. ಅಲ್ಲಿಂದ ಮುಂದೆ ಹೋಗೋದು ಆಗ್ತಾ ಇಲ್ಲ.

ಎರಡು ದಾರಿ ನೋಡಿದೆ. ಮೊದಲು ಸಿ ಭಾಷೆ. ಝಡ್88ಡಿಕೆ ಅನ್ನೋ ಕಂಪೈಲರ್ ಇಳಿಸಿಕೊಂಡೆ, ಕಾನ್ಫಿಗ್ ಫೈಲ್ ಸಿಗಲಿಲ್ಲ ಅಂತ ನಿಂತುಬಿಟ್ಟಿತು. ಆಮೇಲೆ ಅಸೆಂಬ್ಲಿ. ಪಾಸ್ಮೊ ಅನ್ನೋ ಅಸೆಂಬ್ಲರ್‌ನಲ್ಲಿ ಎರಡೇ ಆಜ್ಞೆ ಬರೆದೆ, ಪರದೆಯ ಅಂಚು ಕೆಂಪಾಗಲಿ ಅಂತ. ಕಂಪೈಲ್ ಆಯಿತು, ಟೇಪ್ ಫೈಲೂ ಬಂತು. ಎಮ್ಯುಲೇಟರ್‌ಗೆ ಹಾಕಿದರೆ ಒಂದು ಕ್ಷಣ ಕೆಂಪು ಮಿಂಚಿತು, ಮತ್ತೆ ಅದೇ 1982ರ ಸಾಲು. ಹತ್ತು ಸಲ ಮಾಡಿದೆ, ಹತ್ತು ಸಲವೂ ಹಾಗೇ.

ನನಗೆ ಬೇಕಾದದ್ದು ಇಷ್ಟು. ಅಕ್ಕನ ಮಗಳು ಈಗ ಅಕ್ಷರ ಕಲಿಯುತ್ತಿದ್ದಾಳೆ. ಅವಳ ಹೆಸರು ‘ಗ’ದಿಂದ ಶುರು. ಆ ಅಕ್ಷರ ಈ ಪರದೆಯ ಮೇಲೆ ಮೂಡಬೇಕು, ನಾನೇ ಬರೆದ ಪ್ರೋಗ್ರಾಮ್‌ನಿಂದ ಮೂಡಬೇಕು. ಯಾವ ದಾರಿ ಹಿಡಿಯಲಿ?

ಬೈತಖೋಲ ಮಾಸ್ತರ್, ಕಾರವಾರ

ತಮ್ಮಾ, ಪ್ರಶ್ನೆ ಚೆನ್ನಾಗಿದೆ. ನಾನು ಡಿಪ್ಲೊಮಾ ಮಕ್ಕಳಿಗೆ ವರ್ಷಗಟ್ಟಲೆ 8085 ಅನ್ನೋ ಪ್ರೊಸೆಸರ್‌ನ ಕಿಟ್ ಕಲಿಸಿದವನು. ಈಗ ನಿವೃತ್ತ. ಒಂದು ವಾರ ಕಂಪೈಲರ್ ಬದಿಗಿಡು. ಅಸೆಂಬ್ಲರೂ ಬೇಡ. ಯಂತ್ರಕ್ಕೆ ಕೈಯಾರೆ ಐದು ಸಂಖ್ಯೆ ಕೊಡು, ಅದು ಏನು ಮಾಡುತ್ತದೆ ನೋಡು.

ಎಮ್ಯುಲೇಟರ್ 48ಕೆ ಯಂತ್ರವಾಗಿಯೇ ಇರಲಿ. ಅದರ ಕೀಲಿಮಣೆಯಲ್ಲಿ ಒಂದು ಕೀಗೆ ಒಂದು ಇಡೀ ಪದ ಬರುತ್ತದೆ. ಓ ಒತ್ತಿದರೆ ಪೋಕ್. ಪೋಕ್ ಅಂದ್ರೆ ಇಂಥ ಜಾಗದಲ್ಲಿ ಇಂಥ ಸಂಖ್ಯೆ ಇಡು ಅಂತ. ಹೀಗೆ ಕೊಡು, ಒಂದೊಂದಕ್ಕೂ ಎಂಟರ್ ಒತ್ತಿ:

ಪೋಕ್ 32768, 62
ಪೋಕ್ 32769, 2
ಪೋಕ್ 32770, 211
ಪೋಕ್ 32771, 254
ಪೋಕ್ 32772, 201

ಆಮೇಲೆ ಟಿ ಒತ್ತು, ರ‍್ಯಾಂಡಮೈಜ್ ಅಂತ ಬರುತ್ತದೆ. ಶಿಫ್ಟ್ ಮತ್ತು ಕಂಟ್ರೋಲ್ ಎರಡನ್ನೂ ಒಟ್ಟಿಗೆ ಒತ್ತಿ ಬಿಡು, ಕರ್ಸರ್ ಇ ಆಗುತ್ತದೆ. ಆಗ ಎಲ್ ಒತ್ತಿದರೆ ಯುಎಸ್ಆರ್ ಬರುತ್ತದೆ. ಮುಂದೆ 32768 ಬರೆದು ಎಂಟರ್. ಆ ಜಾಗದಿಂದ ಓಡಿಸು ಅಂತ ಅದರ ಅರ್ಥ.

62 ಅಂದ್ರೆ ಮುಂದಿನ ಸಂಖ್ಯೆಯನ್ನು ಪ್ರೊಸೆಸರ್ ಒಳಗಿನ ಪುಟ್ಟ ಖಾನೆಯಾದ ಎ ರಿಜಿಸ್ಟರ್‌ಗೆ ಹಾಕು. ಮುಂದಿರೋದು 2, ಅದು ಕೆಂಪು. 211 ಅಂದ್ರೆ ಎಯಲ್ಲಿ ಇರೋದನ್ನು ಹೊರಗೆ ಕಳಿಸು. 254 ಎಲ್ಲಿಗೆ ಕಳಿಸಬೇಕು ಅನ್ನೋದು, ಅಂಚಿನ ಬಣ್ಣದ ಬಾಗಿಲು ಅದು. 201 ಅಂದ್ರೆ ಕರೆದವರ ಹತ್ತಿರ ವಾಪಸ್ ಹೋಗು.

ನಿನ್ನ ಅಸೆಂಬ್ಲಿಯಲ್ಲಿ ಎರಡೇ ಆಜ್ಞೆ ಅಂದೆಯಲ್ಲ, ಅದರಲ್ಲಿ ಈ ಕೊನೆಯ 201 ಇತ್ತಾ?

ಹೊಸತೋಟ, ಶಿರಸಿ

ಮಾಸ್ತರ್ರೇ, ಕೆಂಪು ಬಂತು! ನಿಂತಿತು ಕೂಡ. ಯುಎಸ್ಆರ್ ಹುಡುಕೋದಕ್ಕೇ ಕಾಲು ಗಂಟೆ ಹೋಯಿತು, ಆದರೆ ಬಂತು. 2ರ ಜಾಗದಲ್ಲಿ 4 ಹಾಕಿದೆ, ಹಸಿರು ಬಂತು. 6 ಹಾಕಿದೆ, ಹಳದಿ.

201 ಇರಲಿಲ್ಲ. ಬೇಕು ಅಂತಲೇ ಗೊತ್ತಿರಲಿಲ್ಲ.

ಆದರೆ ಒಂದು ವಿಷಯ ಅರ್ಥ ಆಗಲಿಲ್ಲ. ಬಣ್ಣ ಬಂದ ಮೇಲೆ ಯಾವುದಾದರೂ ಕೀ ಒತ್ತಿದ ಕೂಡಲೇ ಅಂಚು ಮತ್ತೆ ಬಿಳಿಯಾಗುತ್ತದೆ. ನಾನೇನೂ ಬಿಳಿ ಮಾಡು ಅಂತ ಹೇಳಿಲ್ಲ.

ಬೈತಖೋಲ ಮಾಸ್ತರ್, ಕಾರವಾರ

ಸರಿಯಾಗಿ ಗಮನಿಸಿದ್ದೀಯಾ. ಕೀ ಒತ್ತಿದಾಗ ಟಿಕ್ ಅಂತ ಸಣ್ಣ ಸದ್ದು ಬರುತ್ತದೆ, ಕೇಳಿದೆಯಾ? ಸ್ಪೀಕರ್‌ಗೂ ಅಂಚಿಗೂ ಬಾಗಿಲು ಒಂದೇ, ಅದೇ 254. ಎಂಟು ಬಿಟ್‌ನಲ್ಲಿ ಕೆಳಗಿನ ಮೂರು ಬಿಟ್ ಅಂಚಿನ ಬಣ್ಣ, ಅದರ ಮೇಲಿನ ಒಂದು ಬಿಟ್ ಕ್ಯಾಸೆಟ್‌ಗೆ, ಮತ್ತೊಂದು ಸ್ಪೀಕರ್‌ಗೆ. ಟಿಕ್ ಅನ್ನಿಸಬೇಕಾದರೆ ಆ ಬಾಗಿಲಿಗೆ ಏನಾದರೂ ಬರೆಯಲೇಬೇಕು. ಬರೆಯುವಾಗ ಬಣ್ಣ ಯಾವುದು ಅಂತ ಯಂತ್ರ ತನ್ನ ಟಿಪ್ಪಣಿ ನೋಡಿಕೊಳ್ಳುತ್ತದೆ. ಆ ಟಿಪ್ಪಣಿ ಇರೋದು 23624ನೇ ಜಾಗದಲ್ಲಿ. ಅಲ್ಲಿ ಇನ್ನೂ ಬಿಳಿ ಅಂತಲೇ ಇದೆ. ನೀನು ಗೋಡೆಗೆ ಬಣ್ಣ ಬಳಿದೆ, ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ, ಅಷ್ಟೇ.

ಎರಡೂ ಆಗಬೇಕು ಅಂದ್ರೆ ಯಂತ್ರದೊಳಗೇ ಇರೋ ಸಿದ್ಧ ಕೆಲಸದವನನ್ನು ಕರಿ. ಅವನು 8859ನೇ ಜಾಗದಲ್ಲಿ ಕೂತಿದ್ದಾನೆ. ಸಂಖ್ಯೆಗಳು ಇವು: 62, 2, 205, 155, 34, 201. ಇಲ್ಲಿ 205 ಅಂದ್ರೆ ಕರಿ. 155 ಮತ್ತು 34 ಸೇರಿ ವಿಳಾಸ. 34ನ್ನು 256ರಿಂದ ಗುಣಿಸಿ 155 ಕೂಡಿಸು, 8859 ಬರುತ್ತದೆ. ಈ ಯಂತ್ರದಲ್ಲಿ ವಿಳಾಸದ ಸಣ್ಣ ಭಾಗ ಮೊದಲು, ದೊಡ್ಡ ಭಾಗ ಆಮೇಲೆ. ಇದನ್ನು ಈಗಲೇ ತಲೆಯಲ್ಲಿ ಇಟ್ಟುಕೋ.

ಇನ್ನು ನಿನ್ನ ಮೊದಲ ತೊಂದರೆ. 201 ಇಲ್ಲದಿದ್ದರೆ ಏನಾಗುತ್ತದೆ? ಯಂತ್ರಕ್ಕೆ ‘ಇಲ್ಲಿಗೆ ಮುಗಿಯಿತು’ ಅಂತ ತಾನಾಗಿ ತಿಳಿಯೋದಿಲ್ಲ. ಮುಂದಿನ ಜಾಗಕ್ಕೆ ಹೋಗುತ್ತದೆ. ಅಲ್ಲಿ ಸೊನ್ನೆ. ಈ ಯಂತ್ರದ ಪ್ರೊಸೆಸರ್ ಝಡ್80ಗೆ ಸೊನ್ನೆ ಅಂದ್ರೆ ಸುಮ್ನೆ ಇರು. ಮತ್ತೆ ಸೊನ್ನೆ, ಮತ್ತೆ ಸೊನ್ನೆ. ಹಾಗೇ ಮೂವತ್ತೆರಡು ಸಾವಿರ ಸೊನ್ನೆ ದಾಟಿ 65368ಕ್ಕೆ ಬರುತ್ತದೆ. ಅಲ್ಲಿ ನಾವು ಬದಲಾಯಿಸಿಕೊಳ್ಳಬಹುದಾದ 21 ಅಕ್ಷರಗಳ ಚಿತ್ರ ಇದೆ. ಆ ಚಿತ್ರವನ್ನೂ ಆಜ್ಞೆ ಅಂತಲೇ ತಿಳಿದು ಓದಿಕೊಂಡು ಹೋಗುತ್ತದೆ! 65535 ಕೊನೆಯ ಜಾಗ, ಅಲ್ಲಿಂದ ಮುಂದೆ ಮತ್ತೆ ಸೊನ್ನೆಯ ಹತ್ತಿರ. ಯಂತ್ರ ಚಾಲೂ ಮಾಡಿದಾಗ ಕೆಲಸ ಶುರುವಾಗೋದು ಅಲ್ಲಿಂದಲೇ. ಅದಕ್ಕೇ ನಿನಗೆ ಮತ್ತೆ ಮತ್ತೆ 1982ರ ಸಾಲು ಕಂಡದ್ದು. ಕೆಟ್ಟು ನಿಂತದ್ದಲ್ಲ ಅದು, ಊರೆಲ್ಲ ಸುತ್ತಿ ಮನೆಬಾಗಿಲಿಗೇ ಬಂದದ್ದು.

ದೇವಿಮನೆ ಘಟ್ಟ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಎಮ್ಯುಲೇಟರ್ ತೆರೆಯೋ ಹಂತದಲ್ಲೇ ರಾಮ್ (ಆರ್‌ಒಎಂ) ಇಲ್ಲ ಅಂತ ಬರುತ್ತಿದೆ. ಡೆಬಿಯನ್ ಇದೆ. ಇದು ಕಾನೂನಿನ ತೊಂದರೆಯಾ?

ಅಂಕೋಲೆಯವ, ಸದ್ಯ ಬೆಂಗಳೂರು

ತೊಂದರೆ ಏನಿಲ್ಲ. ರಾಮ್ ಅಂದ್ರೆ ಯಂತ್ರದೊಳಗಿನ ಅಳಿಸಲಾಗದ 16384 ಬೈಟ್. ಬೇಸಿಕ್ ಭಾಷೆಯೂ ಮಾಸ್ತರ್ ಹೇಳಿದ ಆ ಸಿದ್ಧ ಕೆಲಸಗಳೂ ಅದರಲ್ಲೇ ಇವೆ. 1986ರಲ್ಲಿ ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು ಆಮ್‌ಸ್ಟ್ರಾಡ್ ಕಂಪನಿ ಕೊಂಡುಕೊಂಡಿತು. ಹಕ್ಕು ತಮ್ಮಲ್ಲೇ ಇಟ್ಟುಕೊಂಡು, ಎಮ್ಯುಲೇಟರ್ ಜೊತೆಗೆ ಈ ರಾಮ್ ಹಂಚಬಹುದು ಅಂತ ಅವರು ಒಪ್ಪಿಗೆ ಕೊಟ್ಟಿದ್ದಾರೆ. ಡೆಬಿಯನ್‌ನಲ್ಲಿ ಅದನ್ನು ಮುಕ್ತವಲ್ಲದ ವಿಭಾಗದಲ್ಲಿ ಬೇರೆ ಪ್ಯಾಕೇಜ್ ಆಗಿ ಇಟ್ಟಿದ್ದಾರೆ, ಹೆಸರು ಸ್ಪೆಕ್ಟ್ರಮ್-ರಾಮ್ಸ್. ಆ ವಿಭಾಗ ತೆರೆದು ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ಫ್ಯೂಸ್ ಇಳಿಸಿದರೆ ಜೊತೆಗೇ ಬರುತ್ತದೆ.

ಹೊಸತೋಟ, ಶಿರಸಿ

ಮಾಸ್ತರ್ರೇ, ಎರಡು ದಿನ ಕರೆಂಟ್ ಇರಲಿಲ್ಲ. ಗಾಳಿಗೆ ಮರ ಬಿದ್ದು ಲೈನ್ ಹೋಗಿತ್ತು. ಆ ಎರಡು ದಿನ ಚೌಕುಳಿ ಕಾಗದದ ಮೇಲೆ ‘ಗ’ ಬರೆದೆ. ಎಂಟು ಸಾಲು, ಎಂಟು ಕಂಬ. ತುಂಬಿದ ಚೌಕಕ್ಕೆ ಒಂದು, ಖಾಲಿಗೆ ಸೊನ್ನೆ. ಮೇಲೆ ತಲೆಕಟ್ಟು, ಬಲಕ್ಕೆ ಅದರ ಬಾಲ, ಕೆಳಗೆ ಕಮಾನು. ನಾಲ್ಕೈದು ಸಲ ಅಳಿಸಿ ಬರೆದ ಮೇಲೆ ಇದು ಕುದುರಿತು:

00000011
00111110
00001000
00111100
01000010
10000001
10000001
01000010

ಎಡದಿಂದ 128, 64, 32, 16, 8, 4, 2, 1 ಅಂತ ಬೆಲೆ ಹಾಕಿ ಕೂಡಿಸಿದೆ. 3, 62, 8, 60, 66, 129, 129, 66 ಬಂತು. ಕರೆಂಟ್ ಬಂದ ಮೇಲೆ ಪರದೆಯ ನೆನಪು 16384ರಿಂದ ಶುರು ಅಂತ ನೋಡಿ, 16384ರಿಂದ 16391ರ ತನಕ ಈ ಎಂಟು ಸಂಖ್ಯೆ ಪೋಕ್ ಮಾಡಿದೆ. ‘ಗ’ ಬರಲಿಲ್ಲ. ಪರದೆಯ ತುತ್ತತುದಿಯಲ್ಲಿ ಒಂದೇ ಗೆರೆಯಲ್ಲಿ ಚುಕ್ಕಿ ಚುಕ್ಕಿ ಬಂತು, ತುಂಡು ತುಂಡಾದ ದಾರದ ಹಾಗೆ.

ಕುಮಟಾ ಅಕ್ಕೋರು

ಇದನ್ನು ನಾನು ಹೇಳಬಹುದಾ ಮಾಸ್ತರ್ರೇ? ನಾನೂ ಇಲ್ಲೇ ಎಡವಿದ್ದೆ. ಕಡೆಗೆ ಅರ್ಥ ಆದದ್ದು ಒಂದು ಉಪನಯನದ ಊಟದಲ್ಲಿ ಕೂತಾಗ.

ಪಂಕ್ತಿಯಲ್ಲಿ ಬಡಿಸೋದು ಹೇಗೆ? ಒಂದು ಎಲೆಗೆ ಉಪ್ಪಿನಿಂದ ಪಾಯಸದ ತನಕ ಎಲ್ಲ ಬಡಿಸಿ ಮುಗಿಸಿ, ಆಮೇಲೆ ಪಕ್ಕದ ಎಲೆಗೆ ಹೋಗೋದಿಲ್ಲ ಅಲ್ವಾ? ಮೊದಲು ಉಪ್ಪು ಸಾಲಿನ ತುದಿಯ ತನಕ ಹೋಗುತ್ತದೆ. ಆಮೇಲೆ ಉಪ್ಪಿನಕಾಯಿ ಶುರುವಿಂದ ತುದಿಗೆ. ಆಮೇಲೆ ಕೋಸಂಬರಿ. ಸ್ಪೆಕ್ಟ್ರಮ್ ಪರದೆಯೂ ಹೀಗೇ. ಅಕ್ಷರ ಕೂರೋ ಒಂದೊಂದು ಮನೆಯೂ ಒಂದು ಎಲೆ. ಅಕ್ಷರದ ಎಂಟು ಗೆರೆ ಅಂದ್ರೆ ಎಂಟು ಪದಾರ್ಥ. ಒಂದು ಸಾಲಿಗೆ 32 ಮನೆ, ಅಂಥ ಎಂಟು ಸಾಲು ಸೇರಿ ಒಂದು ಪಂಕ್ತಿ. ಒಟ್ಟು 256 ಎಲೆ. 16384ರಿಂದ ಮೊದಲ 256 ಬೈಟ್ ಇಡೀ ಪಂಕ್ತಿಗೆ ಬಡಿಸೋ ಉಪ್ಪು. ಮುಂದಿನ 256 ಉಪ್ಪಿನಕಾಯಿ. ಎಂಟೂ ಪದಾರ್ಥ ಮುಗಿದ ಮೇಲೆ ಎರಡನೇ ಪಂಕ್ತಿ ಕೂರುತ್ತದೆ, ಆಮೇಲೆ ಮೂರನೆಯದು. ಪರದೆಗೆ ಒಟ್ಟು ಮೂರು ಪಂಕ್ತಿ, 6144 ಬೈಟ್.

ನೀನು ಮಾಡಿದ್ದು ಎಂಟು ಎಲೆಗೆ ಬರೀ ಉಪ್ಪು ಬಡಿಸಿದ ಹಾಗೆ. ಒಂದೇ ಎಲೆಗೆ ಎಂಟೂ ಬೇಕಾದರೆ 256, 256 ಹಾರಬೇಕು. 16384, 16640, 16896, 17152, 17408, 17664, 17920, 18176. ಈ ಎಂಟು ಜಾಗದಲ್ಲಿ ನಿನ್ನ ಎಂಟು ಸಂಖ್ಯೆ ಇಟ್ಟು ನೋಡು ತಮ್ಮಾ.

ಹೊಸತೋಟ, ಶಿರಸಿ

ಅಕ್ಕೋರೇ!! ಬಂತು! ಎಡಮೂಲೆಯಲ್ಲಿ ಪುಟ್ಟ ‘ಗ’. ತಲೆಕಟ್ಟು ಸಮೇತ. ಅಕ್ಕನ ಮಗಳಿಗೆ ತೋರಿಸಿದೆ. ‘ಸಣ್ಣದಾಯಿತು’ ಅಂದಳು. ಆದರೂ ಗುರುತು ಹಿಡಿದಳು.

ಬೈತಖೋಲ ಮಾಸ್ತರ್, ಕಾರವಾರ

ಅಕ್ಕೋರು ಹೇಳಿದ್ದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಇನ್ನು ಪೋಕ್ ಬಿಟ್ಟು ಯಂತ್ರವೇ ಬಡಿಸುವ ಹಾಗೆ ಮಾಡೋಣ. ಈಗ 23 ಸಂಖ್ಯೆ. ಮೊದಲ 15 ಆಜ್ಞೆ, ಕೊನೆಯ 8 ನಿನ್ನ ‘ಗ’.

10 ಫಾರ್ ಎನ್=32768 ಟು 32790: ರೀಡ್ ಎ: ಪೋಕ್ ಎನ್,ಎ: ನೆಕ್ಸ್ಟ್ ಎನ್
20 ರ‍್ಯಾಂಡಮೈಜ್ ಯುಎಸ್ಆರ್ 32768
30 ಡೇಟಾ 33,0,64,17,15,128,6,8
40 ಡೇಟಾ 26,119,19,36,16,250,201
50 ಡೇಟಾ 3,62,8,60,66,129,129,66

ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಯಂತ್ರದಲ್ಲಿ ಅದರ ಕೀಗಳಿಂದಲೇ ಕೊಡು.

33, 0, 64: ಎಚ್‌ಎಲ್ ಅನ್ನೋ ಜೋಡಿ ರಿಜಿಸ್ಟರ್‌ಗೆ 16384 ಹಾಕು. 64ನ್ನು 256ರಿಂದ ಗುಣಿಸಿದರೆ ಅದೇ. 17, 15, 128: ಡಿಇ ಅನ್ನೋ ಜೋಡಿಗೆ 32783 ಹಾಕು, ನಿನ್ನ ‘ಗ’ ಕೂತಿರೋ ಜಾಗ. 6, 8: ಬಿಯಲ್ಲಿ 8, ಎಷ್ಟು ಸಲ ಅನ್ನೋ ಲೆಕ್ಕ. 26: ಡಿಇ ತೋರಿಸುವ ಜಾಗದಿಂದ ಎಗೆ ತೆಗೆದುಕೋ. 119: ಎಯಲ್ಲಿ ಇರೋದನ್ನು ಎಚ್‌ಎಲ್ ತೋರಿಸುವ ಜಾಗಕ್ಕೆ ಬಡಿಸು. 19: ಡಿಇ ಒಂದು ಹೆಜ್ಜೆ ಮುಂದೆ.

ಮುಂದಿನ 36 ನೋಡು, ಇಡೀ ಪ್ರೋಗ್ರಾಮ್‌ನಲ್ಲಿ ನನಗೆ ತುಂಬ ಇಷ್ಟವಾದ ಸಂಖ್ಯೆ. ಎಚ್‌ಗೆ ಒಂದು ಕೂಡಿಸು, ಅಷ್ಟೇ. ಎಚ್ ಅಂದ್ರೆ ವಿಳಾಸದ ದೊಡ್ಡ ಭಾಗ. ಅದಕ್ಕೆ ಒಂದು ಕೂಡಿಸಿದರೆ ವಿಳಾಸ 256 ಹಾರಿತು! ಒಂದೇ ಬೈಟ್‌ನಲ್ಲಿ ಮುಂದಿನ ಪದಾರ್ಥಕ್ಕೆ ಹೋದ ಹಾಗೆ. ಪರದೆಯ ಜೋಡಣೆ ವಿಚಿತ್ರ ಅಂತ ಎಲ್ಲರೂ ಬೈಯುತ್ತಾರೆ. ಒಂದು ಅಕ್ಷರ ಬರೆಯೋದಕ್ಕೆ ಇದಕ್ಕಿಂತ ಹಗುರ ದಾರಿ ಸಿಗೋದಿಲ್ಲ.

16, 250: ಬಿಯಲ್ಲಿ ಒಂದು ಕಳೆ, ಸೊನ್ನೆ ಆಗದಿದ್ದರೆ ಆರು ಹೆಜ್ಜೆ ಹಿಂದೆ ಹಾರು. ಹಿಂದಕ್ಕೆ ಆರು ಅನ್ನೋದನ್ನು 256ರಲ್ಲಿ ಆರು ಕಳೆದು 250 ಅಂತ ಬರೆಯೋದು. 201 ನಿನಗೆ ಗೊತ್ತು.

ಓದುವ ಡಿಪ್ಲೊಮಾ ಮಕ್ಕಳಿಗೆ ಒಂದು ಮಾತು. ಈ ಹದಿನೈದು ಬೈಟ್‌ನಲ್ಲಿ 16, 250 ಬಿಟ್ಟು ಉಳಿದದ್ದೆಲ್ಲ ನಿಮ್ಮ 8085 ಕಿಟ್‌ಗೂ ಅದೇ ಅರ್ಥ. 62 ಅಂದ್ರೆ ನೀವು ಕಿಟ್‌ನಲ್ಲಿ ಹದಿನಾರರ ಲೆಕ್ಕದಲ್ಲಿ ಒತ್ತುವ 3ಇ. ಹೆಸರು ಮಾತ್ರ ಬೇರೆ, ನಮ್ಮಲ್ಲಿ ಎಂವಿಐ, ಅಲ್ಲಿ ಎಲ್‌ಡಿ. 8085ಕ್ಕೂ ಮೊದಲಿನ ಅದರ ಅಣ್ಣ ಇಂಟೆಲ್ 8080 ಮಾಡಿದವರಲ್ಲಿ ಒಬ್ಬರಾದ ಫೆಡರಿಕೊ ಫಾಜಿನ್ ಹೊರಗೆ ಬಂದು ಝೈಲಾಗ್ ಕಟ್ಟಿದರು. ಮಸಟೋಶಿ ಶಿಮಾ ಕೂಡ ಅಲ್ಲಿಗೆ ಬಂದರು. 1976ರಲ್ಲಿ ಬಂದ ಅವರ ಝಡ್80ನಲ್ಲಿ 8080ರ ಯಂತ್ರಭಾಷೆ ಹಾಗೇ ಓಡುತ್ತದೆ. ಕಿಟ್ ಕಲಿತದ್ದು ಪರೀಕ್ಷೆಗೆ ಮಾತ್ರ ಅಂತ ಮಕ್ಕಳು ಅಂದಾಗ ನನಗೆ ನೋವಾಗುತ್ತಿತ್ತು. ಈ ಪರದೆಯ ಮೇಲೆ ಅದೇ ಸಂಖ್ಯೆಗಳಿಗೆ ಅಕ್ಷರ ಮೂಡುತ್ತದೆ.

ಹೊಸತೋಟ, ಶಿರಸಿ

ಹಾಕಿದೆ. ‘ಗ’ ಬರಲಿಲ್ಲ, ಒಂದು ಕಂಬ ಬಂತು. ಎಡಮೂಲೆಯ ಮನೆಯಲ್ಲಿ ಬಲಕ್ಕೆ ಒತ್ತಿಕೊಂಡು, ಎರಡು ಚುಕ್ಕಿ ಅಗಲ, ಎಂಟು ಚುಕ್ಕಿ ಉದ್ದ. ಸಂಖ್ಯೆ ಎಲ್ಲ ಸರಿಯಾಗೇ ಇದೆ ಅನಿಸುತ್ತದೆ.

ಬೈತಖೋಲ ಮಾಸ್ತರ್, ಕಾರವಾರ

ಎರಡು ಚುಕ್ಕಿ, ಬಲಕ್ಕೆ. ಅಂದ್ರೆ 3. ನಿನ್ನ ‘ಗ’ದ ಮೊದಲ ಸಂಖ್ಯೆಯೇ ಎಂಟು ಸಲ ಬಡಿಸಿದೆ. ಎಚ್ ಸರಿಯಾಗಿ ಹಾರಿದೆ, ಲೆಕ್ಕವೂ ಎಂಟೇ ಆಗಿದೆ. ಆದರೆ ಪ್ರತಿ ಸಲ ಹೊಸ ಸಂಖ್ಯೆ ತರೋದಕ್ಕೆ ಹೋಗಿಲ್ಲ. ಅಂದ್ರೆ 26 ತಪ್ಪಿಹೋಗಿದೆ, ನೇರ 119ಕ್ಕೇ ಹಾರುತ್ತಿದೆ. ನಾಲ್ವತ್ತನೇ ಸಾಲು ನೋಡು. 250 ಇದೆಯಾ, 251 ಇದೆಯಾ?

ಹೊಸತೋಟ, ಶಿರಸಿ

251 ಇದೆ. 250 ಮಾಡಿದೆ, ‘ಗ’ ಬಂತು. ಅಲ್ಲಿ ಕೂತು ಇಲ್ಲಿಯ ತಪ್ಪು ಹೇಳಿದಿರಲ್ಲ ಮಾಸ್ತರ್ರೇ, ಪರದೆ ನೋಡದೇ! ನನಗೂ ಹಾಗೆ ಓದೋದು ಬರಬೇಕು.

ಅಂಕೋಲೆಯವ, ಸದ್ಯ ಬೆಂಗಳೂರು

ಮಾಸ್ತರ್ರ ಮೇಲೆ ಗೌರವ ಇಟ್ಟುಕೊಂಡೇ ಒಂದು ಭಿನ್ನ ಮಾತು ಹೇಳುತ್ತೇನೆ. 250, 251 ಎಣಿಸೋದು ಒಂದು ಸಲ ಸಾಕು. ಮಧ್ಯೆ ಒಂದು ಆಜ್ಞೆ ಸೇರಿಸಿದರೂ ಹಿಂದಕ್ಕೆ ಹಾರೋ ಲೆಕ್ಕ, ‘ಗ’ದ ವಿಳಾಸ ಎಲ್ಲ ಬದಲಾಗುತ್ತದೆ. ಹೊಸಬರು ಇಲ್ಲೇ ಬೇಸತ್ತು ಬಿಟ್ಟುಹೋಗೋದನ್ನು ನೋಡಿದ್ದೇನೆ. ಈಗ ಅವನು ಪಾಸ್ಮೊಗೆ ವಾಪಸ್ ಹೋಗಲಿ. ಅಲ್ಲಿ ಜಾಗಕ್ಕೆ ಹೆಸರು ಕೊಟ್ಟರೆ ಸಾಕು, ‘ಸುತ್ತು’, ‘ಅಕ್ಷರ’ ಅನ್ನೋ ಹಾಗೆ. ಎಣಿಕೆ ಅದೇ ಮಾಡುತ್ತದೆ. ಆದರೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.

ತಮ್ಮಾ, ಪಾಸ್ಮೊದಲ್ಲಿ ಎರಡು ಕಡೆ ಜನ ಸಿಕ್ಕಿಬೀಳುತ್ತಾರೆ. ಮೊದಲ ಸಾಲಿನಲ್ಲಿ ಆರ್ಗ್ 32768 ಇರಲೇಬೇಕು, ಇಲ್ಲದಿದ್ದರೆ ಸೊನ್ನೆಯಿಂದ ಎಣಿಸಿ ವಿಳಾಸ ಹಾಕುತ್ತದೆ. ಕೊನೆಯ ಸಾಲಿನಲ್ಲಿ ಎಂಡ್ ಬರೆದು ಪಕ್ಕದಲ್ಲಿ 32768 ಅಂತಲೂ ಬರೆ. ಬರೀ ಎಂಡ್ ಇದ್ದರೆ ಟೇಪ್ ಲೋಡ್ ಆಗುತ್ತದೆ, ಓಡೋದಿಲ್ಲ. ಎಲ್ಲಿಂದ ಓಡಿಸಬೇಕು ಅಂತ ಅದಕ್ಕೆ ಹೇಳಿರೋದಿಲ್ಲವಲ್ಲ. ಕಂಪೈಲ್ ಮಾಡುವಾಗ ಟ್ಯಾಪ್‌ಬ್ಯಾಸ್ ಆಯ್ಕೆ ಕೊಡು. ಆಗ ಬೇಸಿಕ್‌ನ ಪುಟ್ಟ ಲೋಡರ್ ಕೂಡ ತಾನೇ ಸೇರಿಸಿ ಕೊಡುತ್ತದೆ.

ಇನ್ನು ಝಡ್88ಡಿಕೆ. ಕಾನ್ಫಿಗ್ ಸಿಗಲಿಲ್ಲ ಅನ್ನೋದು ಬಹಳ ಜನರಿಗೆ ಆಗುವ ತೊಂದರೆ. ಝಡ್‌ಸಿಸಿಸಿಎಫ್‌ಜಿ ಅನ್ನೋ ಪರಿಸರ ವೇರಿಯಬಲ್ ಅದರ ಲಿಬ್ ಫೋಲ್ಡರ್ ಒಳಗಿನ ಕಾನ್ಫಿಗ್ ಫೋಲ್ಡರ್ ಕಡೆ ತೋರಿಸಬೇಕು, ಬಿನ್ ಫೋಲ್ಡರ್ ಪಾಥ್‌ನಲ್ಲಿ ಇರಬೇಕು. ಇವೆರಡು ಸಾಲು ಬ್ಯಾಶ್‌ಆರ್‌ಸಿಗೆ ಸೇರಿಸಿ ಟರ್ಮಿನಲ್ ಮುಚ್ಚಿ ತೆರೆ. ಆಮೇಲೆ ಝಡ್‌ಸಿಸಿ ಅಂತ ಬರೆದು, ಕೂಡಿಸುವ ಚಿಹ್ನೆ ಹಾಕಿ ಝಡ್‌ಎಕ್ಸ್, ಯಾವ ಯಂತ್ರಕ್ಕೆ ಅಂತ ಹೇಳೋದು ಅದು. ಮುಂದೆ ಸಿ ಫೈಲಿನ ಹೆಸರು, ಓ ಆಯ್ಕೆಯಲ್ಲಿ ಹೊರಗೆ ಬರುವ ಹೆಸರು, ಕೊನೆಗೆ ಕ್ರಿಯೇಟ್-ಆ್ಯಪ್. ಈ ಕೊನೆಯದು ಮರೆತರೆ ಟೇಪ್ ಫೈಲ್ ಬರೋದೇ ಇಲ್ಲ, ಬರೀ ಬೈನರಿ ಬರುತ್ತದೆ.

ಕುಮಟಾ ಅಕ್ಕೋರು

ಅಂಕೋಲೆಯವರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಇವನು ನೇರ ಸಿಯಿಂದ ಶುರು ಮಾಡಿದ್ದರೆ ಆ ಕಂಬ ಬಂದಾಗ ಏನು ಮಾಡುತ್ತಿದ್ದ? ಕಂಪೈಲರ್ ಕೆಟ್ಟಿದೆ ಅಂದುಕೊಳ್ಳುತ್ತಿದ್ದ. ಈಗ ಪರದೆ ನೋಡಿ ಯಾವ ಸಂಖ್ಯೆ ತಪ್ಪಿತು ಅಂತ ಕೇಳೋದು ಕಲಿತ. ನನ್ನ ಎಂಟನೇ ತರಗತಿ ಮಕ್ಕಳಿಗೆ ಚೌಕುಳಿ ಕಾಗದದ ಕೆಲಸ ಕೊಟ್ಟಿದ್ದೇನೆ. ದ್ವಿಮಾನ ಪದ್ಧತಿ ಪಾಠ ಮಾಡಿದಾಗ ತೂಕಡಿಸುತ್ತಿದ್ದ ಹುಡುಗ ತನ್ನ ಹೆಸರಿನ ಅಕ್ಷರಕ್ಕೆ ಸಂಖ್ಯೆ ಹುಡುಕುವಾಗ ಊಟದ ಗಂಟೆ ಹೊಡೆದರೂ ಏಳಲಿಲ್ಲ.

ಅಂಕೋಲೆಯವ, ಸದ್ಯ ಬೆಂಗಳೂರು

ಸರಿ ಅಕ್ಕೋರೇ, ಅದು ನಿಜ. ಸಿಯಲ್ಲೂ ಅವನಿಗೆ ಈಗ ಸುಲಭ. ಒಂದು ಪಾಯಿಂಟರ್ 16384ಕ್ಕೆ ಇಟ್ಟು, ಎಂಟು ಸಲ ಬರೆದು, ಪ್ರತಿ ಸಲ 256 ಕೂಡಿಸಿದರೆ ಮುಗಿಯಿತು. 256 ಯಾಕೆ ಅಂತ ಅವನಿಗೆ ಗೊತ್ತು. ಒಂದು ವ್ಯತ್ಯಾಸ ನೋಡಿಕೊಳ್ಳಲಿ. ಕೈಯಲ್ಲಿ ಬರೆದದ್ದು 23 ಬೈಟ್. ಸಿಯಲ್ಲಿ ಪ್ರಿಂಟ್‌ಎಫ್ ಬಳಸಿ ಒಂದು ನಮಸ್ಕಾರ ಹೇಳಿದರೂ ಕೆಲವು ಸಾವಿರ ಬೈಟ್ ಆಗುತ್ತದೆ. 49152 ಬೈಟ್ ಇರೋ ಯಂತ್ರದಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆಟದ ಲೆಕ್ಕ, ಅಂಕ, ಮೆನು ಎಲ್ಲ ಸಿಯಲ್ಲಿ, ಅಕ್ಷರ ಬಡಿಸುವ ಕೆಲಸ ಅಸೆಂಬ್ಲಿಯಲ್ಲಿ. ನಾನು ಹಾಗೇ ಮಾಡೋದು.

ಹಳೇ ಕ್ಯಾಸೆಟ್, ಹೊನ್ನಾವರ

ಓದುತ್ತಾ ಓದುತ್ತಾ ಕಣ್ಣು ತುಂಬಿತು. ನಮ್ಮ ದೇಶದಲ್ಲೂ ಈ ಯಂತ್ರ ಇತ್ತು. 1986ರಲ್ಲಿ ಡೆಸಿಬೆಲ್ಸ್ ಅನ್ನೋ ಕಂಪನಿ ಪರವಾನಗಿ ಪಡೆದು ಡಿಬಿ ಸ್ಪೆಕ್ಟ್ರಮ್ ಪ್ಲಸ್ ಅಂತ ತಂದಿತ್ತು. ಮುಂಬೈಯಲ್ಲಿದ್ದ ಮಾವನ ಮನೆಯಲ್ಲಿ ನೋಡಿದ್ದೆ. ಟಿವಿಗೆ ಸಿಕ್ಕಿಸಿ, ಟೇಪ್ ರೆಕಾರ್ಡರ್‌ನಿಂದ ಲೋಡ್ ಮಾಡೋದು. ಕೀರಲು ಸದ್ದು, ಅಂಚಿನಲ್ಲಿ ಓಡೋ ಪಟ್ಟಿಗಳು. ಆ ಪಟ್ಟಿ ನೋಡಿಯೇ ಲೋಡ್ ಸರಿ ಆಗ್ತಾ ಇದೆಯೋ ಇಲ್ಲವೋ ಅಂತ ಮಾವ ಹೇಳುತ್ತಿದ್ದರು. 1984ರಲ್ಲಿ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೊ, ಅದು ಬೇರೆ ಯಂತ್ರ. ಅದರ ಪ್ರೊಸೆಸರ್ 6502. ಅದಕ್ಕೂ ಎಮ್ಯುಲೇಟರ್ ಇದೆ. ಶಾಲೆಯಲ್ಲಿ ಅದರ ಮುಂದೆ ಕೂತಿದ್ದವರು ಈಗ ಕೂತು ನೋಡಬಹುದು.

ಹೊಸತೋಟ, ಶಿರಸಿ

ಎಲ್ಲರಿಗೂ ಹೇಗೆ ಹೇಳಲಿ ಗೊತ್ತಾಗ್ತಾ ಇಲ್ಲ. ಪಾಸ್ಮೊದಲ್ಲಿ ಬರೆದೆ, ಆರ್ಗ್, ಎಂಡ್ ಎರಡೂ ಹಾಕಿದೆ, ಮೊದಲ ಸಲಕ್ಕೇ ಓಡಿತು. ಝಡ್88ಡಿಕೆಯೂ ಎದ್ದಿತು.

ಈಗ ಅಕ್ಕನ ಮಗಳು ‘ಗು’ ಬೇಕು ಅಂತಿದ್ದಾಳೆ. ಎಂಟಕ್ಕೆ ಎಂಟು ಚೌಕದಲ್ಲಿ ಕೊಂಬಿಗೆ ಜಾಗವೇ ಇಲ್ಲ. ಒತ್ತಕ್ಷರ ಅಂತೂ ಆಗೋದೇ ಇಲ್ಲ. ಏನು ಮಾಡಲಿ?

ಬೈತಖೋಲ ಮಾಸ್ತರ್, ಕಾರವಾರ

ಹದಿನಾರಕ್ಕೆ ಹದಿನಾರು ಮಾಡು. ನಾಲ್ಕು ಮನೆ ಸೇರಿ ಒಂದು ಅಕ್ಷರ, 32 ಬೈಟ್. ವರ್ಣಮಾಲೆಯ 49 ಅಕ್ಷರಕ್ಕೆ 1568 ಬೈಟ್, ಏನೇನೂ ಜಾಸ್ತಿ ಅಲ್ಲ. ಬದಲಾಯಿಸಬಹುದಾದ 21 ಅಕ್ಷರದ ಜಾಗ ಇದಕ್ಕೆ ಸಾಲದು, ಐದೇ ಅಕ್ಷರ ಹಿಡಿಯುತ್ತದೆ. ಯಂತ್ರದ ಇಡೀ ಅಕ್ಷರಕೋಶದ ವಿಳಾಸದಲ್ಲಿ 256 ಕಳೆದ ಸಂಖ್ಯೆ 23606, 23607ರಲ್ಲಿ ಇದೆ, ಅದನ್ನು ಬದಲಾಯಿಸಿ ನಿನ್ನ ಕೋಶದ ಕಡೆ ತಿರುಗಿಸಬಹುದು. ಆ ಕೋಶದಲ್ಲಿ 96 ಮನೆ, ಅಂದ್ರೆ ನಿನ್ನ 24 ಅಕ್ಷರ. ಎರಡು ಕೋಶ ಮಾಡಿದರೆ 48. ಕೊನೆಯ ‘ಳ’ ಹೊರಗೆ ಉಳಿಯುತ್ತದೆ! ಆದ್ದರಿಂದ ಯಂತ್ರದ ಪ್ರಿಂಟ್ ನೆಚ್ಚಿಕೊಳ್ಳಬೇಡ. ಆ 15 ಬೈಟ್‌ನ ಆಜ್ಞೆಯನ್ನೇ ಬೆಳೆಸು. ಎಡ ಬಲ ಎರಡು ಮನೆ, ಆಮೇಲೆ ಕೆಳಗಿನ ಎರಡು. ಕೆಳಗಿನ ಮನೆಗೆ ಹೋಗುವಾಗ ಎಚ್‌ಗೆ ಕೂಡಿಸಿದ ಎಂಟನ್ನು ಕಳೆದು, ಎಲ್‌ಗೆ 32 ಕೂಡಿಸು. ಪಂಕ್ತಿ ದಾಟುವ ಕಡೆ ಈ ಲೆಕ್ಕ ತಪ್ಪುತ್ತದೆ, ಸದ್ಯಕ್ಕೆ ಮೇಲಿನ ಪಂಕ್ತಿಯಲ್ಲೇ ಇರು.

ಕುಮಟಾ ಅಕ್ಕೋರು

ಮೊದಲು ಕಾಗದದ ಮೇಲೆ ‘ಗು’ ಬರೆದು ಫೋಟೊ ಹಾಕು ತಮ್ಮಾ. ಕೊಂಬು ಬಲಕ್ಕೆ ಎಷ್ಟು ಚೌಕ ತಿನ್ನುತ್ತದೆ ನೋಡೋಣ. ಆ ಟೇಪ್ ಫೈಲ್ ಇದ್ದರೆ ಅದನ್ನೂ ಕಳಿಸು, ಸೋಮವಾರ ಮಕ್ಕಳಿಗೆ ಬೇಕು.

ಹೊಸತೋಟ, ಶಿರಸಿ

ಬರೆಯುತ್ತಿದ್ದೇನೆ ಅಕ್ಕೋರೇ. ಅವಳೇ ಪಕ್ಕದಲ್ಲಿ ಕೂತು ಚೌಕ ತುಂಬುತ್ತಿದ್ದಾಳೆ. ಕೊಂಬು ಐದು ಚೌಕ. ನಾಳೆ ಗುಡ್ಡೆ ಹತ್ತಿ ಎರಡನ್ನೂ ಕಳಿಸುತ್ತೇನೆ.